ಕಮಲಾಪುರದ ಬಾಗಿಲು ನೋಡಲು ಹೋದದ್ದು

ಯಾರ ಮನೆಗೆ ಹೋದರೂ ಬಾಗಿಲು ತೆರೆದವರ ಮುಖಕ್ಕಿಂತ ಮೊದಲು ಬಾಗಿಲನ್ನು ನೋಡುವ ಚಟ ನನ್ನದು. ಕದ ಯಾವ ಮರದ್ದು, ಚೌಕಟ್ಟಿನ ಮೂಲೆ ಹೇಗೆ ಕೂತಿದೆ, ಹೊಸ್ತಿಲು ಎಷ್ಟು ಸವೆದಿದೆ, ಇಷ್ಟನ್ನು ನೋಡಿ ಮುಗಿಸಿದ ಮೇಲೆಯೇ ಒಳಗಿನವರು ನನಗೆ ಕಾಣುವುದು. ಕನ್ಯೆ ನೋಡಲು ಹೋದಾಗಲೂ ಹೀಗೇ ಆಯಿತು. ತಿರುಗಿ ಬಂದ ಮೇಲೆ ಅವ್ವ, "ಹುಡುಗಿ ಹ್ಯಾಂಗಿದ್ದಾಳೋ?" ಎಂದು ಕೇಳಿದಳು. "ಹೊಸ್ತಿಲು ಹುಣಸಿ ಕಟ್ಟಿಗಿದು ಅವ್ವಾ, ಒಂದೇ ತುಂಡು" ಎಂದೆ. ಆ ಹುಡುಗಿಯೇ ಈಗ ನನ್ನ ಹೆಂಡತಿ. ಮಾತು ಹೇಗೋ ಅವಳ ಕಿವಿಗೆ ಬಿದ್ದಿದೆ. ಮನೆಯಲ್ಲಿ ಸಣ್ಣದೊಂದು ಕಿರಿಕಿರಿ ಆದರೆ ಸಾಕು, "ಆ ಹೊಸ್ತಿಲನ್ನೇ ಲಗ್ನ ಆಗಬೇಕಿತ್ತು, ನನ್ನ ಯಾಕ ಕರ್ಕೊಂಡು ಬಂದ್ರಿ?" ಎನ್ನುತ್ತಾಳೆ. ನಾನು ಎದ್ದು ನಮ್ಮ ಕದಕ್ಕೆ ಎಣ್ಣೆ ಹಚ್ಚತೊಡಗುತ್ತೇನೆ.

ಚಟ ಅಂಟಿದ್ದು ಮಾನಪ್ಪ ಕಾಕಾನಿಂದ. ನಾನು ಹುಟ್ಟಿ ಬೆಳೆದದ್ದು ಕಲಬುರಗಿಯ ಜಗತ್ ಎಂಬ ಪೇಟೆಯ ಹಿಂದಿನ ಓಣಿಯಲ್ಲಿ. ನಮ್ಮ ಗೋಡೆಗೆ ಹತ್ತಿಯೇ ಬಡಿಗೇರ ಮಾನಪ್ಪನ ಛಪ್ಪರ. ರಂದಾ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುವ ಮರದ ಸಿಪ್ಪೆ ನಮ್ಮ ಪಾಲಿನ ಒಡವೆ. ನನ್ನ ತಂಗಿ ಅದನ್ನು ಕಿವಿಗೆ ಜುಮಕಿ ಮಾಡಿಕೊಂಡರೆ ನಾನು ಮೂಗಿನ ಕೆಳಗಿಟ್ಟು ತಹಸೀಲ್ದಾರನ ಮೀಸೆ ಮಾಡಿಕೊಳ್ಳುತ್ತಿದ್ದೆ. ಮನೆಗೆ ಹೋದಾಗ ತಲೆಯಲ್ಲಿ, ಅಂಗಿಯಲ್ಲಿ, ಎಷ್ಟೋ ಸಲ ತಾಟಿನ ನುಚ್ಚಿನಲ್ಲಿ ಕೂಡ ಹೊಟ್ಟು ಇರುತ್ತಿತ್ತು. ಕಣ್ಣು ಮುಚ್ಚಿ ಮೂಸಿ ನೋಡಿ ಸಾಗವಾನಿ ಯಾವುದು, ಬೇವು ಯಾವುದು ಎಂದು ಹೇಳುವುದನ್ನು ಅಕ್ಷರ ಕಲಿಯುವುದಕ್ಕಿಂತ ಮೊದಲೇ ಕಲಿತಿದ್ದೆ. ಇದನ್ನು ಕಂಡು ಕಾಕಾನಿಗೂ ನನ್ನ ಮೇಲೆ ಆಸೆ ಹುಟ್ಟಿ, ಕೈಗೆ ಉಳಿ ಕೊಟ್ಟು ಮೂರು ದಿನ ಕಲಿಸಿದ. ನಾಲ್ಕನೆಯ ದಿನ ಉಳಿ ಇಸಿದುಕೊಂಡು, "ತಮ್ಮಾ, ನೀ ಸಾಲಿ ಕಲಿ" ಎಂದ. ಹೀಗೆ ನಾನು ಮಾಸ್ತರನಾದೆ. ಆದರೂ ಹಟ ಬಿಡದೆ ಮನೆಯಲ್ಲಿ ನಾಲ್ಕಾರು ಮಣೆ ಮಾಡಿದ್ದೇನೆ. ಅವುಗಳ ಮೇಲೆ ಊಟಕ್ಕೆ ಕೂತವರು ಕೈ ತೊಳೆಯುವ ತನಕ ತೂಗುತ್ತಲೇ ಇರುತ್ತಾರೆ.

ನಾನು ಮಾಸ್ತರನಾಗಿ ಶಾಲೆಗೆ ಸೇರಿ ಎರಡು ಮೂರು ವರ್ಷವಾಗಿದ್ದಾಗಿನ ಮಾತು. ಆಗ ನಿಜಾಮರ ಆಳಿಕೆ, ವಾರದ ರಜೆ ಶುಕ್ರವಾರ. ಕಾಕಾನ ಛಪ್ಪರದಲ್ಲಿ ಸಂಜೆ ನಾವು ಮೂವರು ಸೇರುತ್ತಿದ್ದೆವು. ಮೂರನೆಯವನು ಖಾಜಾ ಮಿಸ್ತ್ರಿ. ಸ್ಟೇಶನ್ ಬಜಾರದಲ್ಲಿ ಅವನ ಅಂಗಡಿ, ಸಾಹೇಬರ ಮನೆಗಳಿಗೆ ಕುರ್ಚಿ, ಅಲಮಾರಿ ಮಾಡಿಕೊಡುತ್ತಿದ್ದ. ಮಾನಪ್ಪ ಕಾಕಾನದು ಬಾಗಿಲು, ತೊಲೆ, ಕಂಬದ ಕೆಲಸ. ಇಬ್ಬರೂ ಒಬ್ಬರ ಕೆಲಸದಲ್ಲಿ ಒಬ್ಬರು ತಪ್ಪು ಹುಡುಕುತ್ತಲೇ ಇಪ್ಪತ್ತು ವರ್ಷ ಕಳೆದಿದ್ದರು. ಕಾಕಾ ಹೊಸ ಕೆಲಸ ಮುಗಿಸಿದ ದಿನ ಮಿಸ್ತ್ರಿ ಬಂದು, ಮರದ ಕೂಡು ಇದ್ದಲ್ಲೆಲ್ಲ ಹೆಬ್ಬೆರಳಿನ ಉಗುರು ತೂರಿಸಲು ನೋಡುತ್ತಿದ್ದ. ಉಗುರು ಹೋಗದಿದ್ದರೆ, "ಇರ್ಲಿ, ಬ್ಯಾಸಗಿ ಬರ್ಲಿ, ಬಿರುಕು ಬಿಡ್ತದ" ಎಂದು ಚಹಾಕ್ಕೆ ಕೂಡುತ್ತಿದ್ದ. ಅವನು ಬರದ ದಿನ ಕಾಕಾನ ಕೈ ಓಡುತ್ತಿರಲಿಲ್ಲ.

ಒಂದು ದಿನ ನಾನೇ ಬಾಯಿ ತೆಗೆದೆ. "ಬರೀ ಇಲ್ಲಿ ಕೂತು ಜಗಳ ಆಡ್ತೀರಿ. ಒಂದು ಶುಕ್ರವಾರ ಮುಂಜಾನೆ ಹೊಂಟು, ನೋಡೋ ಅಂಥಾ ಕಟ್ಟಿಗಿ ಕೆಲಸ ಎಲ್ಲೆಲ್ಲಿ ಅದ, ನೋಡ್ಕೊಂಡು ಸಂಜಿಗಿ ಬರೋಣ."

ಎರಡು ತಾಸು ಪಾಠ ಮಾಡುವವನಿಗೆ ಮೂರು ಸಾಲಿನ ಯಾದಿ ಬರೆಯುವುದು ಏನು ಮಹಾ ಎಂದುಕೊಂಡಿದ್ದೆ. ನಾಲ್ಕು ವಾರ ಹಿಡಿಯಿತು. ಮಿಸ್ತ್ರಿ ಹೇಳಿದ ಜಾಗಕ್ಕೆ ಕಾಕಾ ಒಲ್ಲೆ ಎನ್ನುತ್ತಿದ್ದ, ಕಾಕಾ ಹೇಳಿದ ಜಾಗದ ಹೆಸರೆತ್ತಿದರೆ ಮಿಸ್ತ್ರಿ ನಗುತ್ತಿದ್ದ. ಕೋಟೆಯ ಬಾಗಿಲಿನ ಕದಕ್ಕೆ ಇಬ್ಬರೂ ಒಪ್ಪಿದರು. ಕೋಟೆಯೊಳಗಿನ ಜಾಮಾ ಮಸೀದಿಯನ್ನೂ ಸೇರಿಸು ಎಂದು ಕಾಕಾ ಹೇಳಿದಾಗ ಮಿಸ್ತ್ರಿಗೆ ಆಶ್ಚರ್ಯ.

"ಅರೆ ಭಾಯಿ, ಅಲ್ಲಿ ಕಟ್ಟಿಗಿ ಎಲ್ಲದ? ಪೂರಾ ಕಲ್ಲು!"

"ಆ ಕಮಾನು ಗಾಳ್ಯಾಗ ಕಟ್ಯಾರೇನು? ಮೊದಲು ಕೆಳಗ ಕಟ್ಟಿಗಿ ಕಮಾನು ನಿಲ್ಲಿಸಿ, ಮ್ಯಾಲ ಕಲ್ಲು ಕೂಡಿಸ್ಯಾರ. ಕಲ್ಲು ಬಿಗೀತು, ಬಡಿಗ್ಯಾನ ಕೆಲಸ ಕಿತ್ತಿ ಒಗದಾರ."

ಮಿಸ್ತ್ರಿ ಚಹಾದ ಬಶಿ ಕೆಳಗಿಟ್ಟ. ಐವತ್ತು ವರ್ಷ ಆ ಮಸೀದಿ ನೋಡಿದವನಿಗೆ ಈ ಮಾತು ಹೊಳೆದಿರಲಿಲ್ಲ. ಯಾದಿಗೆ ಮಸೀದಿ ಸೇರಿತು.

ಉಳಿದದ್ದು ಕಮಲಾಪುರ. ಅಲ್ಲಿಯ ಒಬ್ಬ ಕಾಳಿನ ವ್ಯಾಪಾರಿಯ ವಾಡೆಗೆ ಕಾಕಾ ಇಪ್ಪತ್ತೈದು ವರ್ಷದ ಹಿಂದೆ ತಲೆಬಾಗಿಲು ಮಾಡಿದ್ದ. ಅದನ್ನು ನೋಡಲೇಬೇಕು ಎಂದು ಹಿಡಿದು ಕೂತ. "ನಿನ್ನ ಹಳೇ ಕೆಲಸ ನೋಡಾಕ ನಾವು ಅಷ್ಟು ದೂರ ಯಾಕ ಬರಬೇಕು?" ಎಂದು ಮಿಸ್ತ್ರಿ ತಕರಾರು ತೆಗೆದ. ಎಂದೂ ಯಾರಿಗೂ ದೈನ್ಯಪಡದ ಕಾಕಾ, "ಬ್ಯಾರೆ ಎಲ್ಲಾ ಬಿಡ್ರಿ, ಅದೊಂದಿರಲಿ" ಎಂದ. ಮುದಿತನಕ್ಕೆ ಬಂದ ಮನುಷ್ಯನಿಗೆ ತನ್ನ ಹೆಚ್ಚುಗಾರಿಕೆ ತೋರಿಸುವ ಆಸೆ ಎಂದು ನಾನು ಅಂದುಕೊಂಡೆ. ಮನುಷ್ಯರನ್ನು ಓದುವುದರಲ್ಲಿ ನನ್ನ ಬುದ್ಧಿ ನಾನು ಮಾಡಿದ ಮಣೆಯ ಹಾಗೇ, ನಾಲ್ಕೂ ಕಾಲು ನೆಲಕ್ಕೆ ತಾಗುವುದಿಲ್ಲ.

ಚೀಟಿಯಲ್ಲಿ ಹೊತ್ತು ಹಾಕಿ ಬರೆದಿದ್ದೆ: ಕೋಟೆಗೆ ಅರ್ಧ ತಾಸು, ಮಸೀದಿಗೆ ಕಾಲು ತಾಸು, ಎಂಟಕ್ಕೆ ಸ್ಟೇಶನ್ ಬಜಾರದಿಂದ ಹುಮನಾಬಾದಿನ ಮೋಟಾರು. ಕೋಟೆಯ ಬಾಗಿಲಲ್ಲೇ ಒಂದು ತಾಸು ಹೋಯಿತು. ಕಬ್ಬಿಣದ ಮುಳ್ಳುಗಳ ನಡುವೆ ಕಿವಿ ಹಚ್ಚಿ ಇಬ್ಬರೂ ಕದವನ್ನು ಬೆರಳಿನಿಂದ ಬಡಿದು ಬಡಿದು ಕೇಳುತ್ತಿದ್ದರು. ಒಳಗೆ ಬಿಡಾರವಿದ್ದ ಒಬ್ಬ ಮುದುಕ, ಯಾರೋ ಕರೆಯುತ್ತಿದ್ದಾರೆಂದು ಎರಡು ಸಲ ಎದ್ದು ಬಂದ. ಮಸೀದಿಯಲ್ಲಿ ಖಾಜಾ ಮಿಸ್ತ್ರಿ ಕಮಾನಿನ ಕೆಳಗೆ ಕತ್ತೆತ್ತಿ ನಿಂತವನು ಅಲುಗಲೇ ಇಲ್ಲ. ಅಲ್ಲಿಲ್ಲದ ಕಟ್ಟಿಗೆಯನ್ನು ಎಣಿಸುತ್ತಿದ್ದ. ನಾನು ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು.

ಮೋಟಾರು ಸಿಕ್ಕಿದ್ದು ನಮ್ಮ ಪುಣ್ಯ. ತುಂಬುವವರೆಗೆ ಅದು ಹೊರಡುತ್ತಿರಲಿಲ್ಲ. ಹಾದಿಯಲ್ಲಿ ಒಂದು ಕಡೆ ನೀರು ಹಾಕಲು ನಿಂತಾಗ, ರಸ್ತೆಯ ಪಕ್ಕ ಯಾರೋ ಬಂಡಿಯ ಗಾಲಿ ಮಾಡುತ್ತಿದ್ದದ್ದು ಇವರ ಕಣ್ಣಿಗೆ ಬಿತ್ತು. ಇಬ್ಬರೂ ಇಳಿದೇಬಿಟ್ಟರು. ಗಾಲಿಯ ನಡುವಿನ ಗುಂಬಕ್ಕೆ ಜಾಲಿ ಛಲೋವೋ ಬೇರೆ ಮರ ಛಲೋವೋ ಎಂದು ಗಾಲಿಯವನೂ ಸೇರಿ ಮೂವರಲ್ಲಿ ವಾದ ಹತ್ತಿ, ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸಾಕಾಗಿ ತಾನೂ ಇಳಿದು ಹೋಗಿ ಜಾಲಿಯ ಪರ ಮಾತಾಡಿದ. ಮೋಟಾರಿನಲ್ಲಿದ್ದವರೆಲ್ಲ ಮಾಸ್ತರನಾದ ನನ್ನನ್ನು ಬೈದರು. ಚೀಟಿಯನ್ನು ಮಡಚಿ ಕಿಸೆಗಿಟ್ಟೆ.

ಕಮಲಾಪುರದಲ್ಲಿ ಇಳಿದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ಕೆಂಪು ಬಾಳೆಹಣ್ಣು ಕೊಂಡು ತಿಂದೆವು. ಖಾಜಾ ಮಿಸ್ತ್ರಿ, "ನಮಾಜ್ ಮುಗಿಸಿ ಬರ್ತೀನಿ, ನೀವು ಮುಂದ ನಡೀರಿ. ಆ ಬಾಗಲದಾಗ ಎಷ್ಟು ಉಗುರು ಹೋಗ್ತಾವ, ಬಂದು ನೋಡ್ತೀನಿ" ಎಂದು ಮಸೀದಿಯ ಕಡೆ ಹೋದ. ನಾನೂ ಕಾಕಾನೂ ಓಣಿ ಹಿಡಿದೆವು. ನಾಲ್ಕು ಹೆಜ್ಜೆ ಇಡುವುದರಲ್ಲಿ ಕಾಕಾ ನಿಂತ. ಮುಖ ಬೆವತಿತ್ತು.

"ಮಾಸ್ತರ್ರ, ನಾ ಇಲ್ಲಿಗಿ ಛಂದ ನೋಡಾಕ ಬಂದಿಲ್ಲ. ಆ ಬಾಗಲದಾಗ ಒಂದು ತಪ್ಪು ಮಾಡೀನಿ ಅಂತ ನನಗ ಸಂಶಯ ಅದ."

ಬಡಿಗೇರಲ್ಲಿ ಒಂದು ಕಟ್ಟಳೆ ಇದೆ. ಚೌಕಟ್ಟಿಗಾಗಲಿ ಕಂಬಕ್ಕಾಗಲಿ ಮರವನ್ನು ನಿಲ್ಲಿಸುವಾಗ, ಅದು ಹೊಲದಲ್ಲಿ ಹೇಗೆ ಬೆಳೆದಿತ್ತೋ ಹಾಗೇ ನಿಲ್ಲಿಸಬೇಕು. ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದರೆ ಆ ಮನೆಗೆ ಕೇಡು ಎಂದು ನಂಬಿಕೆ. ಅದಕ್ಕೇ ಮರ ಕೊಯ್ಯುವಾಗಲೇ ಬುಡದ ತುದಿಗೆ ಕೆಮ್ಮಣ್ಣಿನ ಗುರುತು ಹಾಕಿಡುತ್ತಾರೆ. ಈ ಬಾಗಿಲು ಮಾಡುವಾಗ ಕಾಕಾನ ಅಪ್ಪ ಜ್ವರದಲ್ಲಿ ಮಲಗಿದ್ದ. ಮೊದಲ ಸಲ ಒಬ್ಬನೇ ಬಂದ ಕಾಕಾನ ಕೈಯಲ್ಲಿ ಕೆಲಸ. ಮದುವೆಯ ಮನೆ, ಹೊಸ ಸೊಸೆ ಆ ಬಾಗಿಲಿನಿಂದಲೇ ಒಳಗೆ ಬರಬೇಕೆಂದು ಅವಸರ. ಅಂಗಳ ಸಾರಿಸುವಾಗ ಯಾರೋ ಕೊಡ ನೀರು ಚೆಲ್ಲಿ, ಚೌಕಟ್ಟಿನ ಬಲಗಡೆಯ ಕಂಬಕ್ಕೆ ಹಾಕಿದ್ದ ಗುರುತು ತೊಳೆದುಹೋಯಿತು. ಕೆತ್ತನೆ ಇನ್ನೂ ಶುರುವಾಗಿರಲಿಲ್ಲ.

"ಗಂಟು ನೋಡಿ ಬುಡ ಯಾವುದಂತ ಹೇಳೋ ಬುದ್ಧಿ ಆಗ ನನಗಿದ್ದಿಲ್ಲ. ಅಪ್ಪನ್ನ ಕೇಳಾಕ ನಾಚಿಕಿ. ಅಂದಾಜಿನ ಮ್ಯಾಲ ಕೆತ್ತಿ ನಿಲ್ಲಿಸಿಬಿಟ್ಟೆ. ಆರು ತಿಂಗಳಿಗೆ ಈ ಮನಿ ಯಜಮಾನ್ರು ತೀರ್ಕೊಂಡ್ರು. ಮರುವರ್ಷ ಪ್ಲೇಗಿಗೆ ಸಣ್ಣ ಮಗ ಹ್ವಾದ. ಊರಾಗ ಎಲ್ಲಾರೂ ಸೊಸಿ ಕಾಲಗುಣ ಅಂದ್ರು. ನನಗ ಸುದ್ದಿ ಮುಟ್ಟಿತು. ಬಂದು ನೋಡೋ ಧೈರ್ಯ ಆಗಲಿಲ್ಲ. ಇಪ್ಪತ್ತೈದು ವರ್ಷ ಸುಮ್ಮನಿದ್ದೀನಿ ಮಾಸ್ತರ್ರ."

ಪ್ಲೇಗು ಇಲಿಯಿಂದ ಬರುತ್ತದೆ, ಕಂಬದಿಂದಲ್ಲ ಎಂದು ನಾನು ಹೇಳಹೊರಟೆ. ಅವನ ಮುಖ ನೋಡಿ, ಅದನ್ನು ಬಿಟ್ಟು ಅವನ ಕೈ ಹಿಡಿದು ಮುಂದೆ ನಡೆದೆ.

ಬಾಗಿಲು ಬಂತು. ಎಷ್ಟೋ ಬಾಗಿಲು ನೋಡಿದ್ದೇನೆ, ಅಂಥದನ್ನು ಆಮೇಲೆ ನೋಡಲಿಲ್ಲ. ಎರಡೂ ಕಂಬದ ಮೇಲೆ ಬುಡದಿಂದ ಹಬ್ಬಿದ ಬಳ್ಳಿ, ಎಲೆಗಳ ನಡುವೆ ಗಿಳಿ, ಎಣ್ಣೆ ಕುಡಿದು ಕುಡಿದು ಕಪ್ಪಾದ ಸಾಗವಾನಿ. ಕಾಕಾ ಯಾವುದನ್ನೂ ನೋಡಲಿಲ್ಲ. ಅರೆತೆರೆದ ಕದದ ಹಿಂದೆ, ಕೆತ್ತನೆ ಇಲ್ಲದ ಮಗ್ಗುಲಿನಲ್ಲಿ ಕೂತು ಬಲಗಂಬದ ಮೇಲೆ ಹೆಬ್ಬೆರಳು ಆಡಿಸುತ್ತ ಹೋದ. ಒಂದು ಗಂಟು ಸಿಕ್ಕಿತು. ಅದರ ಸುತ್ತಲಿನ ಎಳೆ ಯಾವ ಕಡೆ ಬಾಗಿದೆ ಎಂದು ತಡವಿದ. ಟೊಂಗೆ ಯಾವಾಗಲೂ ಮೇಲಕ್ಕೇ ಹೊರಡುತ್ತದಲ್ಲ, ಎಳೆಯೂ ಅತ್ತಲೇ ಏಳುತ್ತದೆ. ಮತ್ತೊಂದು ಗಂಟು ನೋಡಿದ. ಆಮೇಲೆ ಅಲ್ಲೇ ನೆಲಕ್ಕೆ ಕೂತುಬಿಟ್ಟ.

"ಸರಿ ಅದ," ಎಂದ. "ಬುಡ ಕೆಳಗೇ ಅದ. ನಾ ಸರಿ ಇಟ್ಟೀನಿ!"

ನಕ್ಕ. ಮೈಮೇಲಿನ ದೊಡ್ಡ ಮೂಟೆ ಇಳಿಸಿದವನ ಹಾಗೆ ಹೊರಗಿನ ಕಟ್ಟೆಗೆ ಬಂದು ಕಾಲು ಚಾಚಿ ಕೂತ. ನನಗೂ ಖುಷಿಯಾಯಿತು. ಇನ್ನೇನು ಮಿಸ್ತ್ರಿ ಬಂದರೆ ಹೊರಡಬಹುದು.

ಅಷ್ಟರಲ್ಲಿ ಮನೆಯ ಪಕ್ಕದ ಸಂದಿಯಿಂದ ಒಬ್ಬ ಹೆಣ್ಣುಮಗಳು ತಂಬಿಗೆ ನೀರು, ಬೆಲ್ಲ ಹಿಡಿದು ಬಂದಳು. ನಲವತ್ತರ ಮೇಲಿನ ವಯಸ್ಸು. ಮನೆಯ ಸೊಸೆ ಶರಣಮ್ಮ, ಗಂಡ ಕಾಳಿನ ಅಂಗಡಿಗೆ ಹೋಗಿದ್ದ. ಒಳಗಿನಿಂದ ನಮ್ಮನ್ನು ಕಂಡಿದ್ದಳಂತೆ. ಕಾಕಾ ತಾನು ಯಾರೆಂದು ಹೇಳಿದ.

"ಈ ಬಾಗಲಾ ಮಾಡಿದವರು ನೀವೇನ್ರಿ? ಭಾಳ ಛಂದ ಅದ ಅಂತಾರ ಎಲ್ಲಾರು. ನಾ ಇದನ್ನ ದಾಟಿದ್ದು ಆರೇ ತಿಂಗಳು," ಎಂದಳು.

ನನ್ನ ಪೆದ್ದುತನ, "ಯಾಕ್ರಿ ತಾಯಿ?" ಎಂದು ಕೇಳಿಬಿಟ್ಟೆ.

ಅವಳು ಅಳಲಿಲ್ಲ, ದನಿ ತಗ್ಗಿಸಲೂ ಇಲ್ಲ. ಮಾವ ತೀರಿಕೊಂಡಾಗ ಅತ್ತೆ, ಈ ಕಾಲು ಮತ್ತೆ ತಲೆಬಾಗಿಲು ದಾಟಬಾರದು ಎಂದಳಂತೆ. ಅಂದಿನಿಂದ ಹಿತ್ತಲ ಬಾಗಿಲೇ. ತವರಿಗೆ ಹೋಗುವಾಗ, ಮಗ ಹುಟ್ಟಿದ ಮೇಲೆ ಬಾಣಂತನ ಮುಗಿಸಿ ಬರುವಾಗ, ಯಾವಾಗಲೂ ಹಿತ್ತಲು. "ನನಗ ರೂಢಿ ಆಗ್ಯಾದ ಬಿಡ್ರಿ. ಬರೋ ತಿಂಗಳು ಮಗನ ಮದಿವಿ ಅದ. ಸೊಸಿನ್ನ ಒಳಗ ಕರ್ಕೊಳ್ಳಾಕ ಹೊಸ್ತಿಲದಾಗ ನನ್ನ ನಾದಿನಿ ನಿಂದರಬೇಕಂತ. ಅದೊಂದು ಮಾತ್ರ..." ಎಂದು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು.

ಕಾಕಾ ಬೆಲ್ಲ ಮುಟ್ಟಲಿಲ್ಲ. ಅವಳು ಅತ್ತ ತಿರುಗಿದಾಗ ನನ್ನ ಕಿವಿಯಲ್ಲಿ, "ಆ ಕಂಬ ಸರಿ ಇರಬಾರದಿತ್ತು ಮಾಸ್ತರ್ರ" ಎಂದ.

ಆಗ ನನ್ನಲ್ಲಿದ್ದ ಮಾಸ್ತರ ಎದ್ದ. ನೆಟ್ಟಗೆ ಒಳಗೆ ಹೋದೆ. ಪಡಸಾಲೆಯಲ್ಲಿ ಅತ್ತೆ ಹಾಸಿಗೆಯ ಮೇಲೆ ಕೂತಿದ್ದಳು, ಎಂಬತ್ತರ ಮುದುಕಿ, ಕಿವಿ ಮಂದ. ಸಾವಿಗೂ ಕಾಲಿಗೂ ಸಂಬಂಧವಿಲ್ಲವೆಂದು, ಇಲಿ, ಚಿಕ್ಕಾಡು, ಕೊಳಕು ನೀರು ಎಲ್ಲವನ್ನೂ ಸೇರಿಸಿ, ಏಳನೆಯ ಇಯತ್ತೆಯ ಮಕ್ಕಳಿಗೆ ಹೇಳುವಂತೆ ಗಟ್ಟಿಯಾಗಿ ವಿವರಿಸಿದೆ. ಮುದುಕಿ ಶಾಂತವಾಗಿ ಪೂರ್ತಿ ಕೇಳಿದಳು. "ಊಟ ಮಾಡ್ಕೊಂಡು ಹೋಗ್ರಿ" ಎಂದಳು.

ಕಾಕಾ ನನ್ನನ್ನು ಬದಿಗೆ ಸರಿಸಿ ಮುಂದೆ ಬಂದ. ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅವ್ವಾರ, ನಾ ಮಾನಪ್ಪ ಬಡಿಗೇರ. ನಿಮ್ಮ ತಲಿಬಾಗಲಾ ಮಾಡಿದಾಂವ. ಬಲಗಡಿ ಕಂಬ ತಲಿಕೆಳಗ ನಿಲ್ಲಿಸೀನಿ. ಬುಡ ಮ್ಯಾಲಾಗ್ಯಾದ. ಈ ಮನಿಗಿ ಆಗಿದ್ದೆಲ್ಲಾ ನನ್ನ ತಪ್ಪಿಲೆ ಆಗ್ಯಾದ. ನಿಮ್ಮ ಸೊಸಿ ಕಾಲಿಂದಲ್ಲ."

"ಏನಂದಿ?" ಎಂದಳು ಮುದುಕಿ.

ಇನ್ನೂ ಗಟ್ಟಿಯಾಗಿ ಹೇಳಬೇಕಾಯಿತು. ಎದುರು ಮನೆಯ ಕದ ತೆರೆಯಿತು. ಮೂರನೆಯ ಸಲ ಕೂಗಿದಾಗ ಓಣಿಯೇ ಬಾಗಿಲ ಮುಂದಿತ್ತು. ಯಾರ ಉಗುರಿಗೂ ಸಂದು ಕೊಡದ ಮನುಷ್ಯ, ಪರ ಊರಿನಲ್ಲಿ ಇಷ್ಟು ಜನರ ಮುಂದೆ, ಮಾಡದ ತಪ್ಪನ್ನು ಕೂಗಿ ಕೂಗಿ ಹೇಳುತ್ತಿದ್ದ. ಆ ಗುಂಪನ್ನು ಸರಿಸಿಕೊಂಡು ನಮಾಜು ಮುಗಿಸಿ ಬಂದ ಖಾಜಾ ಮಿಸ್ತ್ರಿ ಹೊಸ್ತಿಲ ಹೊರಗೆ ನಿಂತು ಇದನ್ನೆಲ್ಲ ಕೇಳುತ್ತಿದ್ದ.

ಮುದುಕಿ ಒಪ್ಪಲಿಲ್ಲ. "ಇಷ್ಟು ವರ್ಷಕ್ಕ ಬಂದು ಹೇಳ್ತೀ? ನನ್ನ ಸೊಸಿ ಹೇಳಿ ಕಳಸ್ಯಾಳೇನು? ಆ ಸಾಬರು ಯಾರು?"

"ಅವರೂ ಬಡಿಗತನದವರೇ ಅವ್ವಾ, ಕಲಬುರಗ್ಯಾಗ ದೊಡ್ಡ ಮಿಸ್ತ್ರಿ," ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಹಂಗಾದ್ರ ಅವರು ನೋಡಿ ಹೇಳಲಿ."

ಕಟ್ಟಿಗೆಯ ವಿಷಯದಲ್ಲಿ ಮಿಸ್ತ್ರಿ ಹೆತ್ತ ತಾಯಿಗೂ ಸುಳ್ಳು ಹೇಳುವವನಲ್ಲ. ಅವನಿಗೆ ಕಣ್ಣಸನ್ನೆ ಮಾಡೋಣವೆಂದರೆ ಓಣಿಯ ಕಣ್ಣೆಲ್ಲ ನಮ್ಮ ಮೇಲಿತ್ತು. ಅವನು ಕದದ ಹಿಂದೆ ಕೂತ. ಹೆಬ್ಬೆರಳು ಗಂಟಿನ ಮೇಲೆ ನಿಂತಿತು. ಕಾಕಾನ ಕಡೆ ನೋಡಿದ, ಹೊರಗೆ ಸಂದಿಯ ಬಾಯಲ್ಲಿ ಗೋಡೆಗೆ ಒತ್ತಿ ನಿಂತಿದ್ದ ಶರಣಮ್ಮನ ಕಡೆ ನೋಡಿದ. ಎದ್ದು ಕೈ ಝಾಡಿಸಿದ.

"ಬಿಲ್ಕುಲ್ ಉಲ್ಟಾ ಅದ ಅಮ್ಮಾ. ಇಂಥಾ ಕೆಲಸ ನನ್ನ ಕೈಕೆಳಗಿನವರು ಮಾಡಿದ್ರ ಅಂಗಡಿ ಬಿಡಿಸಿ ಓಡಸ್ತಿದ್ದೆ."

ಮುದುಕಿ ಕಣ್ಣು ಕಿರಿದು ಮಾಡಿ ಕಂಬದ ಕಡೆ ನೋಡಿದಳು. ಆಮೇಲೆ, "ಹಂಗಾದ್ರ ಈಗೇ ಕಿತ್ತು ತಿರುವಿ ನಿಲ್ಲಸ್ರಿ" ಎಂದಳು. ಇದು ನಮ್ಮ ಮೂವರಿಗೂ ಹೊಳೆದಿರಲಿಲ್ಲ. ಸರಿ ಇರುವ ಕಂಬವನ್ನು ತಿರುವಿ ನಿಲ್ಲಿಸಿದರೆ ಇಪ್ಪತ್ತೈದು ವರ್ಷದಿಂದ ಹೆದರಿದ್ದೇ ಆಗುತ್ತದೆ. ಕಾಕಾ ಬಿಳಿಚಿಕೊಂಡ. ಮಿಸ್ತ್ರಿಯೇ, ಕಂಬ ಕಿತ್ತರೆ ಮೇಲಿನ ಗೋಡೆ ಕುಸಿಯುತ್ತದೆ, ಬುಡಕ್ಕೊಂದು ತಾಮ್ರದ ಮೊಳೆ ಹೊಡೆದರೆ ದೋಷ ಹರಿಯುತ್ತದೆ ಎಂದು ತನ್ನ ಉಸ್ತಾದರು ಹೇಳುತ್ತಿದ್ದರು ಎಂದ. ಅಂಥ ಉಸ್ತಾದರು ಅವನಿಗಿರಲಿಲ್ಲ. ಮೊಳೆ ಬಂತು, ಕಾಕಾ ಹೊಡೆದ.

ಮುದುಕಿ ಹೊರಗಿನ ಬೆಳಕಿನ ಕಡೆ ಮುಖ ಮಾಡಿ, "ಶರಣವ್ವಾ, ಅಲ್ಲೇನು ನಿಂತಿ? ಮಂದಿಗಿ ಊಟಕ್ಕ ನೀಡಬೇಕಿಲ್ಲೇನು, ಈ ಕಡಿಂದ ಬಾ" ಎಂದಳು. ಶರಣಮ್ಮ ಹೊಸ್ತಿಲ ತನಕ ಬಂದು ನಿಂತಳು. ಚೌಕಟ್ಟಿನ ಬಳ್ಳಿಯನ್ನು ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ ಬಲಗಾಲಿಟ್ಟು ಒಳಗೆ ಬಂದಳು.

ಮುಂದಿನ ತಿಂಗಳು ಮಗನ ಮದುವೆಯಲ್ಲಿ ಸೊಸೆಯನ್ನು ಹೊಸ್ತಿಲಲ್ಲಿ ನಿಂತು ಒಳಗೆ ಕರೆದುಕೊಂಡವಳು ಅವಳೇ ಎಂದು ಕೇಳಿದೆವು. ಕಮಲಾಪುರದ ಸುದ್ದಿ ಕಲಬುರಗಿಗೂ ಬಂತು. ಮಾನಪ್ಪ ಕಾಕಾನಿಗೆ 'ಉಲ್ಟಾ ಮಾನಪ್ಪ' ಎಂದು ಹೆಸರು ಬಿದ್ದು, ಸಾಯುವ ತನಕ ಉಳಿಯಿತು. ಹೊಸ ಮನೆ ಕಟ್ಟುವವರು ಬಾಗಿಲಿನ ಕೆಲಸಕ್ಕೆ ಬೇರೆಯವರನ್ನು ಕರೆದರು. ನನಗೆ ಸಿಟ್ಟು ಬರುತ್ತಿತ್ತು, ಬಾಯಿ ಬಿಡುವ ಹಾಗಿರಲಿಲ್ಲ. ಕಾಕಾ ಮಾತ್ರ ಆ ಹೆಸರಿನಿಂದ ಕರೆದರೆ ಓ ಎನ್ನುತ್ತಿದ್ದ. ಈಗ ಅವರಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಸಂಜೆಯ ಮೋಟಾರಿನಲ್ಲಿ ಮೂವರೂ ಒಂದೇ ಹಲಗೆಯ ಮೇಲೆ ಕೂತಿದ್ದೆವು. ಮಿಸ್ತ್ರಿಗೆ ಕದದ ಹಿಂದಿನ ಕತ್ತಲಲ್ಲಿ ಗಂಟು ಸರಿಯಾಗಿ ಕಂಡಿತೋ ಇಲ್ಲವೋ, ಖರೇನೇ ಉಲ್ಟಾ ಎಂದುಕೊಂಡನೋ, ನನಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಕಾಕಾನೇ ಕೇಳಿದ.

"ಮಿಸ್ತ್ರಿ, ಖರೇ ಹೇಳು. ಗಂಟು ನೋಡಿದಿಲ್ಲ ನೀ?"

"ನೋಡಿದೆ."

"ಬುಡ ಎಲ್ಲಿತ್ತು?"

"ಎಲ್ಲಿರಬೇಕೋ ಅಲ್ಲೇ ಇತ್ತು."

"ಮತ್ತ ಹಂಗ್ಯಾಕ ಹೇಳಿದಿ?"

ಖಾಜಾ ಮಿಸ್ತ್ರಿ ಹೊರಗಿನ ಜೋಳದ ಹೊಲ ನೋಡುತ್ತ ಹೇಳಿದ: "ಇಪ್ಪತ್ತು ವರ್ಷ ನಿನ್ನ ಕೆಲಸದಾಗ ಒಂದು ತಪ್ಪು ಹುಡುಕಿದೆ, ಸಿಗಲಿಲ್ಲ. ಇವತ್ತು ನೀನೇ ಕೈಯಾರೆ ಕೊಟ್ಟಿ. ಬಿಡ್ಲೇನು?"

ಮೋಟಾರಿನವರೆಲ್ಲ ತಿರುಗಿ ನೋಡುವ ಹಾಗೆ ಕಾಕಾ ನಕ್ಕ. ನಗುತ್ತಲೇ ಪಟಗದ ಚುಂಗಿನಿಂದ ಕಣ್ಣು ಒರೆಸಿಕೊಂಡ.